ಖಂಡೇಪೂಜೆಯ ಎಂಜಿನ್

ನವರಾತ್ರಿ ಸಮೀಪಿಸಿತೆಂದರೆ ಹುಬ್ಬಳ್ಳಿಯ ಲೋಕೋ ಶೆಡ್ಡಿನಲ್ಲಿ ಕಂಡ ಒಂದು ಉಗಿ ಎಂಜಿನ್ ನನ್ನ ಕಣ್ಣೆದುರು ಬಂದು ನಿಲ್ಲುತ್ತದೆ. ಅದು 1964ರ ಮಾತು. ನಾನಾಗ ನಾಲ್ಕನೆಯ ಇಯತ್ತೆ. ಹುಬ್ಬಳ್ಳಿ ಇನ್ನೂ ದಕ್ಷಿಣ ರೈಲ್ವೆಗೆ ಸೇರಿತ್ತು. ದಕ್ಷಿಣ ಮಧ್ಯ ರೈಲ್ವೆ ಹುಟ್ಟಿದ್ದು 1966ರ ಅಕ್ಟೋಬರಿನಲ್ಲಿ.

ಶಾಲೆ ಬಿಟ್ಟೊಡನೆ ನಾವು ಮೂವರು ಹುಡುಗರು ಹಳಿಯ ಬದಿಯ ದಿಬ್ಬದ ಮೇಲೆ ಕುಳಿತು, ಎಂಜಿನ್‌ಗಳ ಸಂಖ್ಯೆಯನ್ನು ಪಾಟಿಯ ಮೇಲೆ ಬರೆದುಕೊಳ್ಳುತ್ತಿದ್ದೆವು. ವೈಪಿ ಎಂದರೆ ಪ್ರಯಾಣಿಕರ ಗಾಡಿಯದು, ವೈಜಿ ಎಂದರೆ ಮಾಲಗಾಡಿಯದು; 'ವೈ' ಮೀಟರ್‌ಗೇಜಿನ ಗುರುತು. ಸಲಾಕೆಯಿಂದ ಜೋಡಿಸಿದ ಗಾಲಿಗಳು ಒಂದು ಬದಿಗೆ ಮೂರಿದ್ದರೆ ವೈಪಿ, ನಾಲ್ಕಿದ್ದರೆ ವೈಜಿ. (ಲೆಕ್ಕದಲ್ಲಿ ನಾನು ಚುರುಕಾಗಿದ್ದುದು ಅಲ್ಲಿ ಮಾತ್ರ. ನನ್ನ ಹಳೆಯ ವಿದ್ಯಾರ್ಥಿಗಳು ನಗಬಾರದು.)

ನಮ್ಮ ಓಣಿಯಲ್ಲಿ ಒಬ್ಬ ಖಲಾಸಿಯವರಿದ್ದರು. ಎಂಜಿನ್ ಒರೆಸುವುದು ಅವರ ಕೆಲಸ. ಖಂಡೇಪೂಜೆಗೆ ಮುನ್ನ ನಾಲ್ಕು ದಿನ ಅವರು ಮನೆಯಲ್ಲಿದ್ದುದೇ ಕಡಿಮೆ. ಪೂಜೆಯ ದಿನ ನಮ್ಮನ್ನು ಶೆಡ್ಡಿಗೆ ಕರೆದೊಯ್ದರು. ನಿತ್ಯ ಮಸಿ ಮೆತ್ತಿಕೊಂಡು ಏದುಸಿರು ಬಿಡುತ್ತಿದ್ದ ವೈಪಿಯೊಂದು ಮದುಮಗನಂತೆ ನಿಂತಿತ್ತು! ಎಣ್ಣೆಯಲ್ಲಿ ಅದ್ದಿದ ಚಿಂದಿಯಿಂದ ತಿಕ್ಕಿದ ಬಾಯ್ಲರಿನಲ್ಲಿ ನಮ್ಮ ಮುಖ ಕಾಣುತ್ತಿತ್ತು. ಹುಣಸೆಹಣ್ಣು, ಇಟ್ಟಂಗಿ ಪುಡಿ ಹಾಕಿ ಬೆಳಗಿದ ಹಿತ್ತಾಳೆಯ ಪಟ್ಟಿಗಳು, ಗಾಲಿಗಳ ಅಂಚಿಗೆ ಬಿಳಿಯ ಬಣ್ಣ, ಮುಂಭಾಗಕ್ಕೆ ಚೆಂಡುಹೂವಿನ ಮಾಲೆ, ಎರಡೂ ಬದಿಗೆ ಬಾಳೆಕಂಬ. ಬೂದುಗುಂಬಳ ಒಡೆದ ಮೇಲೆ ಚಾಲಕರು ಸೀಟಿ ಹಾಕಿದರು. ನಾನು ಬೆಚ್ಚಿ ಖಲಾಸಿಯವರ ಕೈ ಹಿಡಿದುಕೊಂಡೆ.

ಮರುದಿನ ಸಂಜೆ ಅವರು ಬನ್ನಿ ಕೊಡಲು ನಮ್ಮ ಮನೆಗೆ ಬಂದರು. ಹೊಸ ಅಂಗಿ ತೊಟ್ಟಿದ್ದರು. "ಬಂಗಾರದ್ಹಂಗ ಇರೋಣು" ಎಂದು ಎಲೆಗಳನ್ನು ನನ್ನ ಅಂಗೈಯಲ್ಲಿಟ್ಟರು. ಅವರ ಉಗುರುಸಂದಿಯಲ್ಲಿ, ಅಂಗೈಯ ಗೆರೆಗಳಲ್ಲಿ ಮಸಿ ಕುಳಿತಿತ್ತು. ನಾನು ಎಲೆ ತೆಗೆದುಕೊಂಡು ಕೈಯನ್ನು ಚಡ್ಡಿಗೆ ಒರೆಸಿಕೊಂಡೆ. ಹಿಂದಿನ ದಿನ ಹಿಡಿದುಕೊಂಡಿದ್ದು ಅದೇ ಕೈಯನ್ನು. ಅವರು ನೋಡಿದರು. "ಸಾಬೂನಿಗೂ ಹೋಗೂದಿಲ್ಲೋ ತಮ್ಮಾ" ಎಂದು ನಕ್ಕರು. ಅಮೇಲೆ ನಮ್ಮ ತಂದೆಯವರಿಗೆ ಬನ್ನಿ ಕೊಡುವಾಗ ಎಲೆಯ ತೊಟ್ಟನ್ನಷ್ಟೇ ಹಿಡಿದು ಕೊಟ್ಟರು.

1972ರಲ್ಲಿ ಚಿತ್ತರಂಜನ್‌ದಲ್ಲಿ ಕೊನೆಯ ಉಗಿ ಎಂಜಿನ್ ತಯಾರಾಯಿತು. ಅದೂ ಒಂದು ವೈಜಿ. 1990ರ ದಶಕದಲ್ಲಿ ನಮ್ಮ ಹಳಿಗಳೂ ಅಗಲವಾದವು. ಖಲಾಸಿಯವರ ಕುಟುಂಬ ಅದಕ್ಕೂ ಬಹಳ ಮೊದಲೇ ವರ್ಗವಾಗಿ ಹೋಗಿತ್ತು.

ಗದಗ ರಸ್ತೆಯಲ್ಲಿ 2020ರಲ್ಲಿ ತೆರೆದ ರೈಲು ವಸ್ತುಸಂಗ್ರಹಾಲಯಕ್ಕೆ ಈಚೆಗೆ ಮೊಮ್ಮಗನೊಡನೆ ಹೋಗಿದ್ದೆ. ಅಲ್ಲಿಯ ಹಳೆಯ ಎಂಜಿನ್ನಿನ ಮೈಮೇಲೆ ಬಹಳ ಹೊತ್ತು ಕೈಯಿಟ್ಟು ನಿಂತೆ. ತೆಗೆದು ನೋಡಿಕೊಂಡರೆ ಅಂಗೈ ಶುಭ್ರವಾಗಿತ್ತು.