ಕಾಂಟ್ರಾ ಫೋರ್ಸ್: ಹೆಸರಿಗೆ ಮಾತ್ರ ಕಾಂಟ್ರಾ

ಕಾಂಟ್ರಾ ಆಡಿ ಬೆಳೆದವರಿಗೆಲ್ಲ ಒಂದು ಪ್ರಶ್ನೆ. 'ಕಾಂಟ್ರಾ ಫೋರ್ಸ್' ಅಂತ ಒಂದು ಗೇಮ್ ಇದೆ, ಆಡಿದ್ದೀರಾ? ಆಡಿದ್ದರೆ ಈಗಲೇ ನಿಮ್ಮ ಮುಖ ಹುಳ್ಳಗಾಗಿರುತ್ತದೆ, ನನಗೆ ಗೊತ್ತು :-) ಆಡಿಲ್ಲ ಅಂದರೆ ನೀವು ಪುಣ್ಯವಂತರು ಅಂತ ಹೇಳಿ ಮುಗಿಸಿಬಿಡುತ್ತಿದ್ದೆ, ಎರಡು ವರ್ಷದ ಹಿಂದೆ ಕೇಳಿದ್ದರೆ. ಈಗ ಅಷ್ಟು ಸಲೀಸಾಗಿ ಹೇಳೋಕೆ ಆಗ್ತಿಲ್ಲ. ಅದಕ್ಕೇ ಈ ಬರಹ.

ಮೊದಲು ಕಾಂಟ್ರಾ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಜಪಾನಿನ ಕೊನಾಮಿ ಕಂಪನಿ 1987ರಲ್ಲಿ ನಾಣ್ಯ ಹಾಕಿ ಆಡುವ ಯಂತ್ರಗಳಿಗೆ ಅಂತ ಮಾಡಿದ ಗುಂಡಿನಾಟ ಇದು. ಮರುವರ್ಷ ನಿಂಟೆಂಡೊದ ಮನೆ ಯಂತ್ರಕ್ಕೂ ಬಂತು. ನಮ್ಮ ಕಡೆ ಅದನ್ನ ನಿಂಟೆಂಡೊ ಅಂತ ಯಾರೂ ಕರೆಯುತ್ತಿರಲಿಲ್ಲ, ಯಾಕೆಂದರೆ ನಮಗೆ ಸಿಗುತ್ತಿದ್ದದ್ದು ಅದರ ನಕಲು ಯಂತ್ರಗಳು. 'ಟಿವಿ ಗೇಮ್' ಅಂದರೆ ಮುಗಿಯಿತು. ಅದಕ್ಕೆ ಹಾಕುವ ಹಳದಿ, ಕಪ್ಪು ಡಬ್ಬಿಗಳಿಗೆ 'ಕ್ಯಾಸೆಟ್'. 9999 ಗೇಮ್ ಅಂತ ಮೇಲೆ ಬರೆದಿರುತ್ತಿತ್ತು, ಒಳಗೆ ಎಣಿಸಿದರೆ ಹತ್ತೋ ಹನ್ನೆರಡೋ. ಮಾರಿಯೋ ಇದ್ದೇ ಇರುತ್ತಿತ್ತು, ಅದೃಷ್ಟ ಇದ್ದರೆ ಕಾಂಟ್ರಾ.

ಕಾಂಟ್ರಾ ಅಂದರೆ ಬಿಲ್ ಮತ್ತು ಲ್ಯಾನ್ಸ್ ಅನ್ನುವ ಇಬ್ಬರು ಸೈನಿಕರು. ನೀಲಿ ಚಡ್ಡಿ, ಕೆಂಪು ಚಡ್ಡಿ ಅಂತ ನಾವು ಕರೀತಿದ್ವಿ (ಅವು ಪ್ಯಾಂಟು, ಆದರೂ). ಕಾಡಿನಲ್ಲಿ ಬಲಕ್ಕೆ ಓಡಬೇಕು, ಹಾರಬೇಕು, ಹೊಡೆಯಬೇಕು. ಒಂದು ಗುಂಡು ತಾಗಿದರೆ ಸತ್ತ. ಹಾರುವ ಡಬ್ಬಿಗೆ ಹೊಡೆದರೆ ಅಕ್ಷರ ಬೀಳುತ್ತದೆ, 'ಎಸ್' ಸಿಕ್ಕಿದರೆ ಐದು ಗುಂಡು ಬೀಸಣಿಗೆ ಥರ ಹರಡಿಕೊಂಡು ಹೋಗುತ್ತವೆ. ಆ 'ಎಸ್'ಗಾಗಿ ಅಣ್ಣ ತಮ್ಮಂದಿರ ನಡುವೆ ಆದ ಜಗಳಗಳ ಲೆಕ್ಕ ಇಟ್ಟವರಿಲ್ಲ. ಇನ್ನು ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ ಒತ್ತಿದರೆ 30 ಪ್ರಾಣ. ಕೊನಾಮಿಯ ಕಝುಹಿಸಾ ಹಾಶಿಮೊಟೊ ಎಂಬಾತ 1986ರಲ್ಲಿ 'ಗ್ರೇಡಿಯಸ್' ಎಂಬ ಬೇರೊಂದು ಗೇಮಿಗಾಗಿ ಸೇರಿಸಿದ್ದ ಗುಟ್ಟು ಇದು. 2020ರಲ್ಲಿ ಆತ ತೀರಿಕೊಂಡಾಗ ನನಗೆ ನಿಜಕ್ಕೂ ಬೇಜಾರಾಗಿತ್ತು.

ನಮ್ಮಣ್ಣ ಆ 30 ಪ್ರಾಣ ಮುಟ್ಟುತ್ತಿರಲಿಲ್ಲ. ಮೂರೇ ಪ್ರಾಣದಲ್ಲಿ ಎಂಟೂ ಹಂತ ಮುಗಿಸುವವನು ಸಾಗರದ ನಮ್ಮ ಬೀದಿಯಲ್ಲಿ ಅವನೊಬ್ಬನೇ. ಪಕ್ಕದ ಬೀದಿಯ ಹುಡುಗರು ನೋಡೋಕೆ ಬರ್ತಿದ್ರು. ನಾನು ಎರಡನೇ ರಿಮೋಟು ಹಿಡಿದು ಅವನ ಹಿಂದೆ ಹಿಂದೆ. ಮೂರನೇ ಹಂತದ ಜಲಪಾತ ನೆನಪಿದೆಯಾ? ಅಲ್ಲಿ ಮೇಲಕ್ಕೆ ಹತ್ತಬೇಕು. ಮುಂದಿನವನು ಹತ್ತಿದ ಹಾಗೆ ಪರದೆಯೂ ಮೇಲೆ ಹೋಗುತ್ತದೆ, ಕೆಳಗೆ ಉಳಿದವನು ಪರದೆಯ ಅಂಚಿಗೆ ಸಿಕ್ಕಿ ಸಾಯುತ್ತಾನೆ. ಶತ್ರು ಬೇಕಾಗಿಲ್ಲ! ನನ್ನ ಅರ್ಧ ಪ್ರಾಣಗಳನ್ನ ಅಣ್ಣನೇ ತೆಗೆದಿದ್ದು.

1994ರಲ್ಲಿ, ಅವನು ಮೊದಲ ಪಿಯುಸಿ, ನಾನು ಎಂಟನೇ ಕ್ಲಾಸು. ಅಜ್ಜಿ ಕೊಟ್ಟ ದುಡ್ಡು, ಹಬ್ಬದ ದುಡ್ಡು ಎಲ್ಲ ಸೇರಿಸಿ ಇನ್ನೂರು ರೂಪಾಯಿ ಒಟ್ಟು ಮಾಡಿ, ಶಿವಮೊಗ್ಗದ ಒಂದು ಅಂಗಡಿಯಿಂದ 'ಹೊಸ ಕಾಂಟ್ರಾ' ತಂದೆವು. ಹಾಕಿದರೆ ಕಾಂಟ್ರಾ ಫೋರ್ಸ್.

ಏನು ಹೇಳಲಿ... ಏಲಿಯನ್ನುಗಳಿಲ್ಲ. ಕಾಡಿಲ್ಲ. ಬಿಲ್ ಇಲ್ಲ, ಲ್ಯಾನ್ಸ್ ಇಲ್ಲ. ಹಡಗುಕಟ್ಟೆಯ ಗೋಡೌನು, ಮಾಮೂಲಿ ಭಯೋತ್ಪಾದಕರು. ಬರ್ನ್ಸ್, ಸ್ಮಿತ್, ಐರನ್, ಬೀನ್ಸ್ ಅಂತ ನಾಲ್ಕು ಜನ ಹೀರೋಗಳು. ಬೀನ್ಸ್ ಅಂತೆ! ಪಲ್ಯ ಮಾಡೋದಾ ಅಂತ ಅಮ್ಮ ಕೇಳಿದ್ದು ನೆನಪಿದೆ. 'ಎಸ್' ಡಬ್ಬಿ ಹಾರಿ ಬರುವುದಿಲ್ಲ. ಬದಲಿಗೆ ಸೂಟ್‌ಕೇಸು ಹೆಕ್ಕಬೇಕು, ಒಂದೊಂದು ಹೆಕ್ಕಿದಾಗಲೂ ಕೆಳಗಿನ ಪಟ್ಟಿಯಲ್ಲಿ ಗುರುತು ಒಂದು ಮನೆ ಮುಂದೆ ಹೋಗುತ್ತದೆ, ಬೇಕಾದ ಆಯುಧಕ್ಕೆ ಬಂದಾಗ ಗುಂಡಿ ಒತ್ತಬೇಕು. ಗುಂಡು ಹಾರಿಸೋದು ಬಿಟ್ಟು ಬ್ಯಾಂಕಿನಲ್ಲಿ ಟೋಕನ್ ಹಿಡಿದು ಕೂತ ಹಾಗೆ.

ಅದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಅದರ ನಿಧಾನ. ಪರದೆ ಮೇಲೆ ನಾಲ್ಕು ಶತ್ರು ಬಂದರೆ ಸಾಕು, ಎಲ್ಲರೂ ಗದ್ದೆ ಕೆಸರಿನಲ್ಲಿ ನಡೆಯೋಕೆ ಶುರು. ಮಾರನೇ ವಾರ ವಾಪಸ್ ತಗೊಂಡು ಹೋದರೆ ಅಂಗಡಿಯವರು "ನಿಮ್ಮ ಅಡಾಪ್ಟರ್ ಬಿಸಿಯಾಗಿರ್ಬೇಕು" ಅಂದರು. ದುಡ್ಡು ಕೊಡಲಿಲ್ಲ. ಬರುವಾಗ ಬಸ್ಸಿನಲ್ಲಿ ಅಣ್ಣ ಒಂದು ಮಾತೂ ಆಡಲಿಲ್ಲ. ಮೂರು ದಿನ ಆಡಿದ್ದ ಆ ಕ್ಯಾಸೆಟ್ಟು ಮತ್ತೆ ಯಂತ್ರ ಸೇರಲಿಲ್ಲ.

ಅಡಾಪ್ಟರಿನದೇನೂ ತಪ್ಪಿರಲಿಲ್ಲ ಅನ್ನುವುದಕ್ಕೆ ಈಗ ಲೆಕ್ಕ ಕೊಡಬಲ್ಲೆ. ಆ ಯಂತ್ರ ಸೆಕೆಂಡಿಗೆ 60 ಚಿತ್ರ ತೋರಿಸುವುದು. ಅದರ ಪ್ರೊಸೆಸರ್ 1.79 ಮೆಗಾಹರ್ಟ್ಸ್, ಕೆಲಸಕ್ಕೆ ಸಿಗುವ ಮೆಮೊರಿ ಎರಡೇ ಕಿಲೋಬೈಟ್. ಯಾರು ಎಲ್ಲಿದ್ದಾರೆ, ಯಾವ ಗುಂಡು ಯಾರಿಗೆ ತಾಗಿತು ಅನ್ನುವ ಲೆಕ್ಕವೆಲ್ಲ ಸೆಕೆಂಡಿನ ಅರವತ್ತನೇ ಒಂದು ಭಾಗದಲ್ಲಿ ಮುಗಿಯಬೇಕು. ಮುಗಿಯದಿದ್ದರೆ ಗೇಮು ಮುಂದಿನ ಚಿತ್ರದವರೆಗೆ ಕಾಯುತ್ತದೆ, ಆಗ ವೇಗ ಸೀದಾ ಅರ್ಧ. ಇನ್ನೂ ತಡವಾದರೆ ಮೂರನೇ ಒಂದು. ಮೊದಲ ಕಾಂಟ್ರಾ ಬರೆದವರು ಈ ಲೆಕ್ಕವನ್ನ ಅಚ್ಚುಕಟ್ಟಾಗಿ ನಿಭಾಯಿಸಿದ್ದರು. ಇದನ್ನ ಬರೆದವರು ಪರದೆ ತುಂಬ ಸ್ಫೋಟ, ಹೊಗೆ, ಜನ ತುಂಬಿಸಿ ಕೈಚೆಲ್ಲಿದರು. ಸಾಲದ್ದಕ್ಕೆ ನಮ್ಮ ಟಿವಿಗಳು ಸೆಕೆಂಡಿಗೆ 50 ಚಿತ್ರದ ಪಾಲ್ ಪದ್ಧತಿಯವು. ಅದಕ್ಕೆ ಹೊಂದಿಸಿದ ಯಂತ್ರದಲ್ಲಿ 60ಕ್ಕೆ ಅಂತ ಬರೆದ ಗೇಮು ಮೊದಲೇ ಆರರಲ್ಲಿ ಒಂದು ಪಾಲು ನಿಧಾನ. ಆಮೆಯ ಬೆನ್ನಿಗೆ ಕಲ್ಲು!

ಇನ್ನೊಂದು ವಿಷಯ, ಇದು ಗೊತ್ತಾದಾಗ ನನಗೆ ಆ ಗೇಮಿನ ಮೇಲೆ ಸ್ವಲ್ಪ ಕನಿಕರ ಬಂತು. ಇದು ಕಾಂಟ್ರಾ ಆಗಿ ಹುಟ್ಟಿದ್ದೇ ಅಲ್ಲ. 'ಆರ್ಕ್ ಹೌಂಡ್' ಅಂತ ಬೇರೆಯದೇ ಗೇಮಾಗಿ ಜಪಾನಿಗೆಂದು ತಯಾರಾಗಿತ್ತು. ಅಲ್ಲಿ ಅದು ಬಿಡುಗಡೆಯಾಗಲೇ ಇಲ್ಲ. ಅಮೆರಿಕದಲ್ಲಿ ಕಾಂಟ್ರಾ ಹೆಸರು ಮಾರಾಟವಾಗುತ್ತದೆ ಅಂತ 1992ರಲ್ಲಿ ಆ ಹೆಸರು ಅಂಟಿಸಿ ಬಿಟ್ಟರು. ಅದೇ ವರ್ಷ ಕೊನಾಮಿಯದೇ 'ಕಾಂಟ್ರಾ 3' ಹೊಸ 16-ಬಿಟ್ ಯಂತ್ರಕ್ಕೆ ಬಂದು ಎಲ್ಲರ ಬಾಯಲ್ಲೂ ನೀರೂರಿಸುತ್ತಿತ್ತು. ಅಂಥಾ ದೊಡ್ಡಣ್ಣನ ಪಕ್ಕ, ಹಳೇ ಯಂತ್ರದಲ್ಲಿ, ತನ್ನದಲ್ಲದ ಹೆಸರು ಹೊತ್ತು ನಿಂತ ಗೇಮು ಇದು. 2019ರಲ್ಲಿ ಕೊನಾಮಿ ಹಳೇ ಕಾಂಟ್ರಾಗಳನ್ನೆಲ್ಲ ಒಟ್ಟು ಮಾಡಿ ಮತ್ತೆ ಮಾರಿತಲ್ಲ, ಆಗಲೂ ಇದನ್ನ ಸೇರಿಸಿಕೊಳ್ಳಲಿಲ್ಲ. ಹೆಸರು ಕೊಟ್ಟವರೇ ಪಂಕ್ತಿಗೆ ಕರೆಯಲಿಲ್ಲ ನೋಡಿ.

ಸರಿ, ಈಗ ಮತ್ತೆ ಯಾಕೆ ಆಡಿದೆ ಅಂತ.

2022ರ ಕೊನೆಗೆ ಅಣ್ಣನಿಗೆ ಸ್ಟ್ರೋಕ್ ಆಯಿತು. ಎಡಗೈ, ಎಡಗಾಲು. ದೇವರ ದಯೆ, ಮಾತು ಉಳಿಯಿತು, ಕಾಲೂ ಆರು ತಿಂಗಳಲ್ಲಿ ಬಹುಪಾಲು ಸುಧಾರಿಸಿತು. ಕೈ ಮಾತ್ರ ಹಠ ಹಿಡಿದು ಕೂತಿತು. ಬೆರಳಿಗೆ ಕೆಲಸ ಕೊಡಿ ಅಂತ ಫಿಸಿಯೋಥೆರಪಿಯವರು ರಬ್ಬರ್ ಚೆಂಡು ಕೊಟ್ಟಿದ್ದರು. ಅತ್ತಿಗೆ ಹೇಳುವ ಪ್ರಕಾರ ಆ ಚೆಂಡು ಹೆಚ್ಚಿನ ಹೊತ್ತು ಸೋಫಾದ ಕೆಳಗೇ ಇರುತ್ತಿತ್ತು. ಆಗ ನನಗೆ ಹೊಳೆದದ್ದು ಕಾಂಟ್ರಾ. ಅದರಲ್ಲಿ ಎಡ ಹೆಬ್ಬೆರಳಿಗೇ ಅಲ್ಲವಾ ಪೂರ್ತಿ ಕೆಲಸ? ಲ್ಯಾಪ್‌ಟಾಪಿಗೆ ಎಮ್ಯುಲೇಟರ್ ಹಾಕಿ, ಎರಡು ರಿಮೋಟು ತಗೊಂಡು ಊರಿಗೆ ಹೋದೆ.

ಮೊದಲ ಹಂತ ಹೇಗೋ ದಾಟಿತು. ಜಲಪಾತ ಬಂತು. ನಾನು ಹತ್ತಿದೆ. ಅವನು ಕೆಳಗೆ ಸತ್ತ. ನಾನು ನಿಂತು ಕಾದೆ, ಅವನು ಹಾರಿದ, ಹೆಬ್ಬೆರಳು ತಿರುಗಲಿಲ್ಲ, ಸತ್ತ. ನಾನು ಕಾಯುತ್ತಿದ್ದೇನೆ ಅನ್ನುವುದು ಅವನಿಗೆ ಗೊತ್ತಾಗಿಬಿಟ್ಟಿತು. "30 ಪ್ರಾಣ ಹಾಕ್ಲಾ?" ಅಂತ ಕೇಳಿದೆ. ರಿಮೋಟು ಪಕ್ಕಕ್ಕಿಟ್ಟು, "ಟೀವೀಲಿ ನ್ಯೂಸ್ ಹಾಕು ಮಾರಾಯ" ಅಂದ. ಎಲ್ಲಿ ಯಾವ ಶತ್ರು ಬರ್ತಾನೆ, ಯಾವಾಗ ಬಗ್ಗಬೇಕು ಅಂತ ಅವನ ತಲೆಗೆ ಒಂದೂ ಮರೆತಿರಲಿಲ್ಲ. ಅದೇ ಕಷ್ಟವಾಗಿದ್ದು.

ಮಾರನೇ ದಿನ ಸಂಜೆ, ಸುಮ್ಮನೆ ಕೀಟಲೆಗೆ, "ಇನ್ನೂರು ರೂಪಾಯಿ ಗೇಮ್ ಇದೆ, ಆಡ್ತೀಯಾ?" ಅಂದೆ. ನಕ್ಕ. ಸ್ಟ್ರೋಕ್ ಆದಮೇಲೆ ಅವನು ಹಾಗೆ ಜೋರಾಗಿ ನಕ್ಕಿದ್ದು ನಾನು ನೋಡಿರಲಿಲ್ಲ.

ನಿಧಾನದ ಗೇಮು, ನಿಧಾನದ ಕೈ, ಜೋಡಿ ಸರಿಹೋಯಿತು ಅಂತ ನೀವು ಅಂದುಕೊಂಡರೆ, ಹಾಗೇನೂ ಅಲ್ಲ. ಆ ನಿಧಾನ ಈಗಲೂ ಕೆಟ್ಟದ್ದೇ. ಯಾವಾಗ ಬರುತ್ತೆ ಯಾವಾಗ ಹೋಗುತ್ತೆ ಗೊತ್ತಾಗೋದಿಲ್ಲ, ಹಾರು ಅಂದಾಗ ಹಾರುವುದಿಲ್ಲ. ಅಣ್ಣ ಬೈದ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ. ಆದರೆ ಮೂರು ದಿನಕ್ಕೇ ಬಿಟ್ಟಿದ್ದ ಗೇಮಾದ್ದರಿಂದ ಇಬ್ಬರಿಗೂ ಏನೂ ಗೊತ್ತಿಲ್ಲ. ಯಾವ ಮೂಲೆಯಿಂದ ಯಾರು ಬರ್ತಾರೆ ಅಂತ ಇಬ್ಬರೂ ಬಾಯಿ ಬಿಟ್ಟು ನೋಡೋದು. ಸತ್ತರೆ ಗೇಮಿನ ತಪ್ಪು :-)

ಹುಡುಗರಾಗಿದ್ದಾಗ ಗಮನಿಸದೇ ಇದ್ದ ಒಂದೆರಡು ಒಳ್ಳೆಯ ಸಂಗತಿಗಳೂ ಸಿಕ್ಕವು. ಆಟದ ನಡುವೆಯೇ ನಿಲ್ಲಿಸಿ ನಾಲ್ವರಲ್ಲಿ ಯಾರನ್ನು ಬೇಕಾದರೂ ಬದಲಾಯಿಸಬಹುದು, ಪ್ರತಿಯೊಬ್ಬನಿಗೂ ಪ್ರಾಣದ ಲೆಕ್ಕ ಬೇರೆ. ಇಲ್ಲವೇ ಇನ್ನೊಬ್ಬನನ್ನು ಕೆಲವು ಸೆಕೆಂಡು ಸಹಾಯಕ್ಕೆ ಕರೆಯಬಹುದು, ಅವನು ಬಂದು ತನ್ನ ಪಾಡಿಗೆ ಹೊಡೆದು ಹೋಗುತ್ತಾನೆ. 1992ರ ಎಂಟು ಬಿಟ್ಟಿನ ಗೇಮಿಗೆ ಇದು ಸಣ್ಣ ಯೋಚನೆಯಲ್ಲ. ಬಹುಶಃ ಆ ಯೋಚನೆಯ ಭಾರವನ್ನೇ ಯಂತ್ರ ಹೊರಲಿಲ್ಲವೋ ಏನೋ. ಕೈ ಸೋತಾಗೆಲ್ಲ ಅಣ್ಣ ಆಟ ನಿಲ್ಲಿಸಿ, ಯಾರನ್ನ ಕಳಿಸೋಣ ಅಂತ ಗಂಭೀರವಾಗಿ ಚರ್ಚೆ ಮಾಡುತ್ತಾನೆ. ಆ ಹೊತ್ತಿನಲ್ಲಿ ಬೆರಳು ಮಡಚಿ ಬಿಡಿಸಿಕೊಳ್ಳುತ್ತಾನೆ. ನಾನು ಪರದೆ ನೋಡುತ್ತಾ ಕೂತಿರುತ್ತೇನೆ.

ಕೈ ಪೂರ್ತಿ ಸರಿಹೋಗಿಲ್ಲ. ಈಗ ಅಂಗಿ ಗುಂಡಿ ತಾನೇ ಹಾಕಿಕೊಳ್ಳುತ್ತಾನೆ. ಅದು ಗೇಮಿನಿಂದಲೋ ಚೆಂಡಿನಿಂದಲೋ ಕೇಳಿದರೆ ಅತ್ತಿಗೆ ಚೆಂಡಿನಿಂದ ಅನ್ನುತ್ತಾರೆ.

ಇರುವುದು ಐದೇ ಹಂತ, ನಾವು ಇನ್ನೂ ಮೂರನೆಯದರಲ್ಲಿದ್ದೇವೆ. ತಿಂಗಳಿಗೊಮ್ಮೆ ಊರಿಗೆ ಹೋದಾಗ ಮಾತ್ರ ಆಡುವುದು, ನಡುವೆ ಅವನೊಬ್ಬನೇ ಆಡಬಾರದು ಅಂತ ಕರಾರು. ಎಮ್ಯುಲೇಟರಿನಲ್ಲಿ ಆಟವನ್ನ ನಡುವೆ ಉಳಿಸಿಕೊಳ್ಳುವ ಸೌಲಭ್ಯ ಇದೆ ಅಂದರೆ ಕೇಳುವುದಿಲ್ಲ, ಪ್ರತಿ ಸಲ ಮೊದಲಿನಿಂದ. ಹೋದ ಸಲ ಐರನ್, ಸ್ಮಿತ್ ಇಬ್ಬರೂ ಮುಗಿದಿದ್ದರು, ಬರ್ನ್ಸ್‌ಗೆ ಉಳಿದಿದ್ದು ಒಂದು ಪ್ರಾಣ. "ಬೀನ್ಸ್ ಕಳ್ಸು" ಅಂದ ಅಣ್ಣ. ಒಳಗಿಂದ ಅಮ್ಮ, "ಇವತ್ತು ಬೀನ್ಸ್ ಇಲ್ಲ, ಬದನೆಕಾಯಿ" ಅಂದರು.