ಹಾರಿದರೆ ಸಾಲದು, ಓಡಲೂ ಬೇಕು

ನ್ಯೂಯಾರ್ಕ್ ರಾಜ್ಯದ ಬಡಗಣ ತುದಿಯಲ್ಲಿ, ಅಡಿರಾಂಡ್ಯಾಕ್ ಬೆಟ್ಟಗಳ ನಡುವೆ ವರ್ಮಾಂಟ್‌ವಿಲ್ ಅಂತ ಪುಟ್ಟ ಊರೊಂದಿದೆ. ಎರಡು ಸಲ ಚಳಿಗಾಲದ ಒಲಿಂಪಿಕ್ಸ್ ನಡೆಸಿದ ಲೇಕ್ ಪ್ಲ್ಯಾಸಿಡ್ ಅಲ್ಲಿಂದ ದೂರವೇನಿಲ್ಲ. ನಾರ್ಡಿಕ್ ಕಂಬೈನ್ಡ್ ಅನ್ನೋ ಸ್ಕೀ ಆಟದ ಬಿಲ್ ಡೆಮಾಂಗ್ ಆ ಊರಿನ ಹುಡುಗ. 2010ರ ಫೆಬ್ರುವರಿಯಲ್ಲಿ ವ್ಯಾಂಕೂವರ್ ಒಲಿಂಪಿಕ್ಸ್ ನಡೆದಾಗ ನಾವಿದ್ದದ್ದೂ ಅದೇ ಸೀಮೆಯಲ್ಲೇ.

ಪಕ್ಕದ ಮನೆಯಲ್ಲಿ ಒಬ್ಬ ಹಿರಿಯರಿದ್ದರು. ಚಿಕ್ಕಂದಿನಲ್ಲಿ ತಾವೂ ಮರದ ಸ್ಕೀ ಕಟ್ಟಿಕೊಂಡು ದಿಮ್ಮನೆ ಜಿಗಿದವರು. ಪಂದ್ಯ ನಡೆಯುವಾಗ ಅವರು ಕುರ್ಚಿ ಮುಟ್ಟುತ್ತಿರಲಿಲ್ಲ. ಟೀವಿ ಮುಂದೆ ನಿಂತೇ ಇರೋರು. ಡೆಮಾಂಗ್ ಪಂದ್ಯದ ದಿನ ಹೊರಗೆ ಹಿಮ, ಒಳಗೆ ಅವರ ಮನೆಯ ಬಿಸಿ ಸೂಪು. ಬಟಾಣಿಯದೋ ಜೋಳದ್ದೋ, ಈಗ ನೆನಪಿಲ್ಲ. ನನ್ನ ಹೆಂಡತಿ ಒಯ್ದಿದ್ದ ಒಗ್ಗರಣೆ ಅವಲಕ್ಕಿಯನ್ನು ಅವರು ಮೇಪಲ್ ಪಾಕ ಸುರಿದುಕೊಂಡು ತಿಂದದ್ದು ಮಾತ್ರ ಚೆನ್ನಾಗಿ ನೆನಪಿದೆ.

ಆಟದ ವಿಷಯ ಹೇಳಿಬಿಡ್ತೀನಿ. ನಾರ್ಡಿಕ್ ಕಂಬೈನ್ಡ್ ಅಂದರೆ ಒಬ್ಬನೇ ಎರಡು ಕೆಲಸ ಮಾಡಬೇಕು. ಮೊದಲು ಇಳಿಜಾರಿನ ತುದಿಯಿಂದ ಹಾರಬೇಕು, ಆಮೇಲೆ ಸ್ಕೀ ಮೇಲೆ ಹತ್ತು ಕಿಲೋಮೀಟರ್ ಓಡಬೇಕು. ಹಾರೋಕೆ ಮೈ ಹಗುರ ಇರಬೇಕು, ಓಡೋಕೆ ಕಾಲಲ್ಲಿ ಕಸುವು ಬೇಕು. ಹಾರಾಟದ ಅಂಕಗಳು ಸೆಕೆಂಡುಗಳಾಗಿ ಬದಲಾಗುತ್ತವೆ: ಚೆನ್ನಾಗಿ ಹಾರಿದವನು ಮೊದಲು ಹೊರಡುತ್ತಾನೆ, ಉಳಿದವರು ಅಟ್ಟಿಸಿಕೊಂಡು ಹೋಗಬೇಕು. ಗುಂಡರ್ ಗುಂಡರ್ಸನ್ ಅನ್ನೋ ನಾರ್ವೆಯ ಆಟಗಾರ ಕಂಡುಕೊಂಡ ಪದ್ಧತಿ ಇದು.

ಡೆಮಾಂಗ್ ಪಟ್ಟ ಪಾಡು ಒಂದೆರಡಲ್ಲ. 1998ರ ನಾಗಾನೊ ಒಲಿಂಪಿಕ್ಸ್‌ಗೆ ಹೋದಾಗ ಅವನಿಗಿನ್ನೂ ಹದಿನೇಳು. 2002ರಲ್ಲಿ ಜರ್ಮನಿಯಲ್ಲಿ ಈಜುಕೊಳಕ್ಕೆ ಧುಮುಕಿ ತಲೆಬುರುಡೆ ಒಡೆದುಕೊಂಡ. ಮುಂದಿನ ಚಳಿಗಾಲವೆಲ್ಲ ಮನೆಯಲ್ಲೇ ಕಳೆಯಿತು. 2009ರಲ್ಲಿ ಚೆಕ್ ದೇಶದ ಲಿಬೆರೆಟ್ಸ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್. ತಂಡದ ಸ್ಪರ್ಧೆಯ ದಿನ ಹಾರುವ ಹೊತ್ತಿಗೆ ಸರಿಯಾಗಿ ಅವನ ನಂಬರ್ ಪಟ್ಟಿ ಕಾಣೆ! ಪಟ್ಟಿ ಇಲ್ಲದೆ ಹಾರೋಹಾಗಿಲ್ಲ, ತಂಡದ ಆಸೆ ಅಲ್ಲಿಗೇ ಮುಗಿಯಿತು. ಆಮೇಲೆ ನೋಡಿದರೆ ಅದು ಅವನ ಉಡುಪಿನ ಕಾಲೊಳಗೇ ಜಾರಿ ಕೂತಿತ್ತು. ಬೇರೆಯವರಾಗಿದ್ದರೆ ಕುಗ್ಗಿ ಹೋಗೋರು. ಅವನು ಕೆಲವೇ ದಿನದಲ್ಲಿ ಅಲ್ಲೇ ವಿಶ್ವ ಚಾಂಪಿಯನ್ ಆದ.

ನಮ್ಮ ಹಿರಿಯರು ಇಂಥ ಮಾತು ಬಂದಾಗೆಲ್ಲ ಅಮೆರಿಕದ ಆಂಡರ್ಸ್ ಹಾಗೆನ್ ಕಥೆ ತೆಗೆಯೋರು. 1924ರ ಶಾಮೊನಿ ಒಲಿಂಪಿಕ್ಸ್‌ನ ಸ್ಕೀ ಹಾರಾಟದಲ್ಲಿ ಅವನದು ಮೂರನೇ ಸ್ಥಾನ ಆಗಬೇಕಿತ್ತು. ಅಂಕ ಕೂಡಿಸುವಾಗಿನ ತಪ್ಪಿನಿಂದ ಕೈತಪ್ಪಿ, ಕಂಚು ಕೈಗೆ ಬಂದದ್ದು 1974ರಲ್ಲಿ, ಮುಪ್ಪಿನಲ್ಲಿ. ನಾರ್ಡಿಕ್ ಕಂಬೈನ್ಡ್‌ನಲ್ಲಂತೂ ಅಮೆರಿಕದವರಿಗೆ 86 ವರ್ಷ ಒಂದು ಒಲಿಂಪಿಕ್ ಪದಕವೂ ಇರಲಿಲ್ಲ. ಆ ಬರ ನೀಗಿದ್ದು ವ್ಯಾಂಕೂವರ್‌ನಲ್ಲೇ, ಕೊಲೊರಾಡೊದ ಜಾನಿ ಸ್ಪಿಲೇನ್ ಅದಕ್ಕೂ ಮುಂಚಿನ ಒಂದು ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದಾಗ. ಚಿನ್ನ ತಪ್ಪಿದ್ದು ಬರೀ 0.4 ಸೆಕೆಂಡಿನಲ್ಲಿ.

ಇನ್ನು ಡೆಮಾಂಗ್ ಪಂದ್ಯದ ಆ ದಿನಕ್ಕೆ ಬರೋಣ. ಹಾರಾಟ ಮುಗಿದಾಗ ಆಸ್ಟ್ರಿಯಾದ ಬರ್ನ್‌ಹಾರ್ಡ್ ಗ್ರೂಬರ್ ಮೊದಲಿಗ. ಡೆಮಾಂಗ್ ಆರನೆಯವನು, 46 ಸೆಕೆಂಡು ಹಿಂದೆ. ಹಿರಿಯರ ಸೂಪು ತಟ್ಟೆಯಲ್ಲೇ ಆರಿಹೋಯಿತು. ಓಡುತ್ತಾ ಓಡುತ್ತಾ ಅಂತರ ಕರಗಿತು. ಡೆಮಾಂಗ್, ಸ್ಪಿಲೇನ್ ಇಬ್ಬರೂ ಸೇರಿ ಗ್ರೂಬರನನ್ನು ಹಿಡಿದರು. ಕೊನೆಗೆ ಡೆಮಾಂಗ್ ಇಬ್ಬರನ್ನೂ ಬಿಟ್ಟು ಮುಂದೆ ಸರಿದ. ಸ್ಪಿಲೇನ್‌ಗಿಂತ ನಾಲ್ಕು ಸೆಕೆಂಡು ಮುಂಚೆ ಗೆರೆ ದಾಟಿದ. ಹಿರಿಯರು ಆಗ ಕೂತರು, ಕಣ್ಣೊರೆಸಿಕೊಂಡರು.

ನಾರ್ಡಿಕ್ ಆಟಗಳಲ್ಲಿ ಅಮೆರಿಕಕ್ಕೆ ಸಿಕ್ಕ ಮೊತ್ತಮೊದಲ ಒಲಿಂಪಿಕ್ ಚಿನ್ನ ಅದು. ಗೆದ್ದ ದಿನವೇ ಅವನು ತನ್ನ ಗೆಳತಿಯನ್ನು ಮದುವೆಯಾಗ್ತೀಯಾ ಅಂತ ಕೇಳಿದ, ಅವಳು ಒಪ್ಪಿದಳು. ಸಮಾರೋಪದಲ್ಲಿ ದೇಶದ ಬಾವುಟ ಹಿಡಿದವನೂ ಅವನೇ.

ನಾಗಾನೊದಿಂದ ಈ ಚಿನ್ನದವರೆಗೆ ಹನ್ನೆರಡು ವರ್ಷ, ನಾಲ್ಕು ಒಲಿಂಪಿಕ್ಸ್. ಮೊದಲ ಅರ್ಧದಲ್ಲಿ ಹಿಂದೆ ಬಿದ್ದವನಿಗೂ ಗೆಲ್ಲೋ ದಾರಿ ಮುಚ್ಚದ ಆಟ ಇದು. ನಿಮ್ಮ ಮಕ್ಕಳಿಗೆ ಒಂದು ಸಲ ತೋರಿಸಿ.