ಮಕ್ಕಳು ಕಟ್ಟಿದ ಉಂಡಿ

ಶೇಂಗಾ ಹುರಿಯುವ ವಾಸನೆ ಓಣಿಗೆ ಬಂತೆಂದರೆ ಮಕ್ಕಳನ್ನು ಯಾರೂ ಕೂಗಿ ಕರೆಯಬೇಕಿಲ್ಲ. ಪಂಚಮಿ ಇನ್ನೂ ಒಂದೆರಡು ದಿನ ಇರುವಾಗಲೇ ಬೀದರಿನ ಹಳೇ ಊರಿನಲ್ಲಿ, ಭಾಲ್ಕಿಯಲ್ಲಿ, ಔರಾದಿನಲ್ಲಿ ಒಲೆಯ ಮೇಲೆ ಕಡಾಯಿ ಏರುತ್ತದೆ. ನಾಗರ ಪಂಚಮಿಯ ದಿನ ನಮ್ಮ ಕಡೆಯ ಅನೇಕ ಮನೆಗಳಲ್ಲಿ ಒಲೆಗೆ ಹಂಚಿಡುವುದಿಲ್ಲ, ಈಳಿಗೆ ಮುಟ್ಟುವುದಿಲ್ಲ. ಹುರಿಯುವುದು, ಕುಟ್ಟುವುದು, ಕಟ್ಟುವುದು ಎಲ್ಲವೂ ಮೊದಲೇ ಮುಗಿಯಬೇಕು. ಶೇಂಗಾ ಉಂಡಿ, ಎಳ್ಳುಂಡಿ, ರವಾ ಉಂಡಿ, ಅಳ್ಳಿಟ್ಟು, ಜೋಳದ ಅರಳು. ಮನೆಯ ಹೆಂಗಸರ ಕೈ ಎಷ್ಟಿದ್ದರೂ ಸಾಲವು. ಹೀಗಾಗಿ ಮಕ್ಕಳಿಗೂ ಕೆಲಸ ಸಿಗುತ್ತದೆ, ಅದೂ ನಿಜವಾದ ಕೆಲಸ. ಆ ಮನೆಯಲ್ಲಿ ಅವರ ಕೈ ಬೇಕೇ ಬೇಕು.

ಮಕ್ಕಳ ಜೊತೆ ಸಿಹಿ ಮಾಡಬೇಕೆನ್ನುವವರಿಗೆ ನಾನು ಮೊದಲು ಹೇಳುವುದು ಶೇಂಗಾ ಉಂಡಿಯನ್ನೇ. ಅದಕ್ಕೆ ಪಾಕ ಬೇಡ. ಕುದಿಯುವ ಬೆಲ್ಲದ ಹತ್ತಿರ ಮಗುವನ್ನು ಬಿಡುವಂತಿಲ್ಲ, ಎಳೆ ಪಾಕ ಬಂತೋ ಇಲ್ಲವೋ ಎಂದು ನೋಡುವಷ್ಟು ಸಮಾಧಾನವೂ ಅದಕ್ಕಿರುವುದಿಲ್ಲ. ಅರ್ಧ ಕಿಲೋ ಶೇಂಗಾಕ್ಕೆ ಮುನ್ನೂರು ಗ್ರಾಂ ಬೆಲ್ಲ, ನಾಲ್ಕು ಏಲಕ್ಕಿ, ಇಷ್ಟಿದ್ದರೆ ಸಾಕು. ಸಣ್ಣ ಉರಿಯಲ್ಲಿ ಹುರಿಯುವುದು ದೊಡ್ಡವರ ಪಾಲು. ಆರಿದ ಮೇಲೆ ಮೊರ ಮಕ್ಕಳ ಮುಂದೆ ಬರುತ್ತದೆ. ಅಂಗೈಯಲ್ಲಿ ತಿಕ್ಕಬೇಕು, ಸಿಪ್ಪೆ ಬಿಟ್ಟ ಮೇಲೆ ಊದಬೇಕು. ಕೆಂಪು ಹೊಟ್ಟು ಹಾರಿ ಎದುರಿಗೆ ಕೂತವನ ತಲೆಯ ಮೇಲೆ ಬಿದ್ದಾಗ ಎದ್ದ ನಗೆ ಬಹಳ ಹೊತ್ತು ನಿಲ್ಲುವುದಿಲ್ಲ. ಐದು ವರ್ಷದೊಳಗಿನ ಕೂಸುಗಳನ್ನು ಮಾತ್ರ ಆಗ ಕಣ್ಣಳತೆಯಲ್ಲೇ ಇಟ್ಟುಕೊಳ್ಳಬೇಕು. ಇಡೀ ಶೇಂಗಾಕಾಳು ಗಂಟಲಿಗೆ ಸಿಕ್ಕೀತು. ಅವಕ್ಕೆ ಕುಟ್ಟಿದ ಪುಡಿಯೇ ಸರಿ.

ಕುಟ್ಟಲು ಒಳ್ಳಿದ್ದರೆ ಅದರಷ್ಟು ಚಲೋ ಬೇರಿಲ್ಲ. ಶೇಂಗಾದ ತೂಕದಲ್ಲಿ ಅರ್ಧದಷ್ಟು ಎಣ್ಣೆಯೇ ಇರುತ್ತದೆ. ಒನಕೆಯ ಪೆಟ್ಟು ಬಿದ್ದಂತೆಲ್ಲ ಆ ಎಣ್ಣೆ ಮೆಲ್ಲಗೆ ಹೊರಬಂದು ಬೆಲ್ಲವನ್ನು ಹಿಡಿದುಕೊಳ್ಳುತ್ತದೆ, ಬೇರೆ ಯಾವ ಅಂಟೂ ಬೇಡ. ಮಿಕ್ಸರ್ ಇದ್ದವರು ತಡೆತಡೆದು ಬಿಟ್ಟು ತಿರುಗಿಸಬೇಕು. ಒಂದೇ ಸಮನೆ ತಿರುಗಿಸಿದರೆ ಹಿಟ್ಟು ಹೋಗಿ ಮುದ್ದೆಯಾಗುತ್ತದೆ. ಇದನ್ನೆಲ್ಲ ನಾವು ಬಾಯಿಬಿಟ್ಟು ಹೇಳಿಕೊಡಬೇಕಿಲ್ಲ. ಹಿಡಿಯಲ್ಲಿ ಹಿಚುಕಿದ ಪುಡಿ ಒಮ್ಮೆ ನಿಂತು, ಒಮ್ಮೆ ಉದುರಿದಾಗ "ಇನ್ನೊಂಚೂರು ಕುಟ್ಟಬೇಕು ಆಯಿ" ಎಂದು ಮಗುವೇ ಹೇಳುತ್ತದೆ. ಹದ ಅದರ ಅಂಗೈಗೆ ತಿಳಿದುಬಿಟ್ಟಿರುತ್ತದೆ.

ಮಗು ಕಟ್ಟಿದ ಉಂಡಿಯನ್ನು ಅದರ ಕಣ್ಣೆದುರೇ ಮುರಿದು ದುಂಡಗೆ ಮಾಡಿ ಇಡುತ್ತಾರಲ್ಲ, ಆ ರೂಢಿ ನನಗೆ ಸ್ವಲ್ಪವೂ ಸೇರುವುದಿಲ್ಲ. ಒಂದು ಅಡಿಕೆಯಷ್ಟಿರಲಿ, ಇನ್ನೊಂದು ನಿಂಬೆಯಷ್ಟಿರಲಿ, ಮೂರನೆಯದರ ಮೇಲೆ ಐದೂ ಬೆರಳಿನ ಗುರುತು ಇರಲಿ. ಅದನ್ನು ಹಾಗೆಯೇ ತಟ್ಟೆಗೆ ಇಡಬೇಕು, ನಾಗಪ್ಪನ ನೈವೇದ್ಯಕ್ಕೂ ಅದೇ ಹೋಗಬೇಕು, ಪಂಚಮಿಗೆ ತವರಿಗೆ ಬಂದ ಅತ್ತಿಯ ಕೈಗೂ ಅದೇ ಬೀಳಬೇಕು. ತಿದ್ದಿದ ಉಂಡಿ ಚೆಂದ ಕಂಡೀತು, ಮಗು ಮಾತ್ರ ಮುಂದಿನ ವರ್ಷ ಮೊರದ ಹತ್ತಿರ ಕೂಡಲಾರದು. ತನ್ನ ಕೆಲಸ ಬರೀ ಆಟದ ಲೆಕ್ಕಕ್ಕೆ ಎಂಬುದು ಅದಕ್ಕೆ ಬೇಗ ಗೊತ್ತಾಗುತ್ತದೆ.

ನಮ್ಮ ಜಿಲ್ಲೆಯಲ್ಲಿ ಸಿಹಿಗೆ ಸಾಮಾನು ದೂರದಿಂದ ಬರಬೇಕಿಲ್ಲ. ಭಾಲ್ಕಿ ತಾಲ್ಲೂಕಿನ ಹುಣಜಿಯಲ್ಲಿ ಮಹಾತ್ಮ ಗಾಂಧಿ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ. ಕಬ್ಬಿನ ಗಾಡಿ ಹೋಗುವ ದಾರಿಯ ಮಕ್ಕಳಿಗೆ ಸಿಹಿ ಯಾವ ಗಿಡದಿಂದ ಬರುತ್ತದೆಂದು ಪುಸ್ತಕ ನೋಡಿ ತಿಳಿಯಬೇಕಾಗಿಲ್ಲ. ಔರಾದಿನ ಕರಿ ಭೂಮಿಯಲ್ಲಿ ಮುಂಗಾರಿನ ಹೆಸರು ಆಗಸ್ಟ್ ಕೊನೆಯ ಹೊತ್ತಿಗೆ ಬಿಡಿಸಲು ಬರುತ್ತದೆ. ಹೊಸ ಹೆಸರನ್ನು ಕೆಂಪಗೆ ಹುರಿದು, ಗಿರಣಿಯಲ್ಲಿ ನುಣ್ಣಗೆ ಬೀಸಿಸಿ, ಪುಡಿ ಬೆಲ್ಲ ಸೇರಿಸಿ, ಬಿಸಿ ತುಪ್ಪ ಹುಯ್ದು ಕಟ್ಟಿದ ಹೆಸರುಂಡಿಯ ಮುಂದೆ ಪೇಟೆಯ ಡಬ್ಬಿಯ ಮಿಠಾಯಿ ನನಗೆ ರುಚಿಸುವುದಿಲ್ಲ. ಗಿರಣಿಗೆ ಹಿಟ್ಟಿನ ಡಬ್ಬಿ ಹೊತ್ತು ಹೋಗುವುದೂ ಮಕ್ಕಳ ಕೆಲಸವೇ. ಬೆಚ್ಚಗಿನ ಹಿಟ್ಟಿನ ಡಬ್ಬಿ ಎದೆಗೆ ಒತ್ತಿಕೊಂಡು ಬರುವಾಗ ದಾರಿಯಲ್ಲಿ ಒಂದು ಚಿಟಿಕೆ ಬಾಯಿಗೆ ಹೋಗಿದ್ದರೆ ಕೇಳಬಾರದು.

ಅಳತೆ ಕಲಿಸಲು ಬೀದರ್ ನಗರದಲ್ಲೇ ಒಂದು ಒಳ್ಳೆಯ ಜಾಗವಿದೆ. ಗುರುನಾನಕ ಝೀರಾ ಗುರುದ್ವಾರದಲ್ಲಿ ಬಿಸಿ ಬಿಸಿ ಕಡಾ ಪ್ರಸಾದವನ್ನು ಎರಡೂ ಕೈ ಜೋಡಿಸಿ ಒಡ್ಡಿದ ಬೊಗಸೆಗೆ ಹಾಕುತ್ತಾರೆ. ಗೋಧಿ ಹಿಟ್ಟು, ಸಕ್ಕರೆ, ತುಪ್ಪ ಮೂರೂ ಸಮ. ಇಷ್ಟು ಸುಲಭದ ಲೆಕ್ಕವನ್ನು ಮರೆಯುವ ಮಗು ಇಲ್ಲ. ಮನೆಯಲ್ಲಿ ಮಾಡುವಾಗ ಒಂದೇ ಬಟ್ಟಲಿನಿಂದ ಮೂರು ಸಲ ಅಳೆದು ಇಡುವ ಕೆಲಸ ಮಗುವಿಗೆ ಕೊಟ್ಟು, ಒಲೆಯ ಮುಂದೆ ನಾವು ನಿಂತರೆ ಆಯಿತು.

ಮೊಹರಂ ಬಂದಾಗ ಮಲೀದಾ. ನಮ್ಮ ಸೀಮೆಯ ಹಳ್ಳಿಗಳಲ್ಲಿ ಅಲಾಯಿ ದೇವರಿಗೆ ಎಲ್ಲ ಜಾತಿಯವರೂ ನಡೆದುಕೊಳ್ಳುತ್ತಾರೆ. ಚೊಂಗೆ, ಮಲೀದಾ ಯಾರ ಮನೆಯಲ್ಲಿ ಆದವೆಂದು ಮಕ್ಕಳು ಕೇಳಿಕೊಂಡು ತಿನ್ನುವುದಿಲ್ಲ. ಚೊಂಗೆಯ ಚಿತ್ತಾರಕ್ಕೆ ಪಳಗಿದ ಕೈ ಬೇಕು. ಮಲೀದಾ ಹಾಗಲ್ಲ. ದಪ್ಪನೆಯ ಬಿಸಿ ಚಪಾತಿ ಹರಿದು ಹಾಕಿ, ಬೆಲ್ಲ, ತುಪ್ಪ, ಚೂರು ಒಣಕೊಬ್ಬರಿ ಸೇರಿಸಿ ಎರಡೂ ಕೈಯಲ್ಲಿ ಮುರಿದು ತಿಕ್ಕುವುದು. ಶಾಲೆಯಿಂದ ಹಸಿದು ಬಂದ ಹುಡುಗರಿಗೆ ಯಾವ ದಿನವಾದರೂ ಇದನ್ನು ಮಾಡಿಕೊಳ್ಳಲು ಬಿಡಬಹುದು. ಚಪಾತಿ ಬಿಸಿ ಇರುವಾಗಲೇ ತಿಕ್ಕಬೇಕು, ತಣ್ಣಗಾದರೆ ಬೆಲ್ಲ ಕರಗದೆ ಕಲ್ಲಿನಂತೆ ಉಳಿಯುತ್ತದೆ. ಅಷ್ಟು ಹೇಳಿ ನಾವು ಪಕ್ಕಕ್ಕೆ ಸರಿಯಬೇಕು.

ಉಂಡಿ ಒಣಗಿದ ಡಬ್ಬಿಯಲ್ಲಿ ಹದಿನೈದು ದಿನ ಕೆಡುವುದಿಲ್ಲ ಎನ್ನುತ್ತಾರೆ. ಮಕ್ಕಳಿರುವ ಮನೆಯಲ್ಲಿ ಅಷ್ಟು ದಿನ ಉಳಿಯುವುದೂ ಇಲ್ಲ. ನೆರೆಮನೆಗಳಿಗೆ ಹಂಚಲು ಮಕ್ಕಳ ಕೈಯಲ್ಲೇ ಬಟ್ಟಲು ಕೊಡಬೇಕು, "ಇದು ನಾ ಕಟ್ಟಿದ್ದು ಕಾಕು" ಎಂದು ಹೇಳಿಬರಲು ಅವರಿಗೊಂದು ಅವಕಾಶ. ಬಟ್ಟಲು ಖಾಲಿ ಮಾಡಿಕೊಂಡು ಓಡಿ ಬಂದವರದು ಒಂದೇ ಪ್ರಶ್ನೆ: "ನಾಳಿ ಎಳ್ಳುಂಡಿ ಮಾಡಮ್ ಏನ್?" ಮಾಡುವುದಾದರೆ ಎಳ್ಳನ್ನು ಇವತ್ತೇ ತೊಳೆದು, ಮಣ್ಣು ತೆಗೆದು, ಬಿಸಿಲಿಗೆ ಹರವಬೇಕು. ಬಟ್ಟೆಯ ನಾಲ್ಕು ತುದಿ ಹಿಡಿಯಲು ನಾಲ್ಕು ಮಂದಿ ಬೇಕು.